ಓಡದ ಹಾಡು

ಮೊನ್ನೆ ಡೊಂಬಿವ್ಲಿ ಸ್ಟೇಶನ್ ಹತ್ತಿರದ ಗ್ರಂಧಿಗೆ ಅಂಗಡಿಯಲ್ಲಿ ಯಾರಿಗೋ ಕೊಡಲು ಜ್ಯೇಷ್ಠಮಧುವಿನ ಡಬ್ಬಿ ತೆರೆದರು. ಆ ಸಿಹಿ ಬೆರೆತ ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಂದದ್ದು ಜೀರಿಗೆಗೋ ಕೊತ್ತಂಬರಿಗೋ ಮರೆತೇಹೋಯಿತು. ನೆನಪಾದದ್ದು ನಮ್ಮ ಸಂಗೀತದ ಟೀಚರ್. ಅಭ್ಯಾಸಕ್ಕೆ ಮೊದಲು ಎಲ್ಲರ ಕೈಗೂ ಒಂದೊಂದು ಚೂರು ಬೇರು ಕೊಟ್ಟು, ಜಗಿದು ಮುಗಿಸುವವರೆಗೆ ಯಾರೂ ತುಟಿ ಪಿಟಕ್ಕೆನ್ನಬಾರದು ಎನ್ನುತ್ತಿದ್ದರು. ನನ್ನಂಥ ಬಾಯಿಬಡುಕಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕೇ?

ಅವರು ಮಂಗಳೂರು ಕಡೆಯವರು. ಠಾಣೆಯ ಶಾಲೆಯೊಂದರಲ್ಲಿ ಪಾಶ್ಚಾತ್ಯ ಸಂಗೀತ ಕಲಿಸಿ ನಿವೃತ್ತರಾಗಿ, ಠಾಕುರ್ಲಿಯಲ್ಲಿ ನಮ್ಮ ಮೇಲಿನ ಮನೆಗೆ ಬಂದಿದ್ದರು. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು... ನಮ್ಮ ಕನ್ನಡ ಸಂಘದ ಹಾಲ್‌ನಲ್ಲಿ ಭಾನುವಾರ ಸಂಜೆ ನಾಲ್ಕು ದನಿಗಳ ವೃಂದಗಾನ ಶುರು ಮಾಡಿದರು. ಹೋಟೆಲಿನವರು, ಬ್ಯಾಂಕಿನವರು, ನನ್ನಂಥ ಆಫೀಸಿನವರು ಸೇರಿಕೊಂಡೆವು. ನಮಗೆಂದೇ ಒಂದು ಪುಟ್ಟ ಹಾಡು ಕಟ್ಟಿದರು. ಅದಕ್ಕೆ ಮಾತು ಎರಡೇ ಸಾಲು: ‘ಇಲ್ಲೇ ಇದ್ದೇವೆ, ಇಲ್ಲೇ ಇರುತ್ತೇವೆ.’ ಚಹಾ ಆರುವಷ್ಟರಲ್ಲಿ ಮುಗಿಯುವ ಹಾಡು, ಆದರೆ ಬಹಳ ನಿಧಾನ.

ಆ ನಿಧಾನವೇ ನಮಗೆ ಬರುತ್ತಿರಲಿಲ್ಲ. ಬೆಳಗಾದರೆ ಲೋಕಲ್ ಹಿಡಿಯಲು ಓಡುವ ಜನ ನಾವು. ಮೊದಲ ಸಾಲು ಸರಿಯಾಗಿ ಹಿಡಿದು, ಎರಡನೆಯದಕ್ಕೆ ಬರುವಷ್ಟರಲ್ಲಿ ಓಟ. ಯಾರು ಶುರು ಮಾಡಿದರೆಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಟೀಚರ್ ಕೈ ಇಳಿಸಿ, “ಗಾಡಿ ಹೋಗ್ಲಿ. ಇನ್ನೊಂದು ಬರ್ತದೆ. ನೀವು ನಿಲ್ಲಿ,” ಎನ್ನುತ್ತಿದ್ದರು.

ಹಾಡಿನ ಶ್ರುತಿಯದ್ದು ಬೇರೆಯೇ ಕಥೆ. ಪಕ್ಕದ ಕಟ್ಟಡದ ಕೆಲಸಕ್ಕೆಂದು ಕಲಬುರಗಿಯಿಂದ ಬಂದಿದ್ದ ಹೆಂಗಸೊಬ್ಬಳು ಹಾಲ್‌ನ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಟೀಚರ್ ಒಳಗೆ ಕರೆದರು.

“ನಂದು ಗಂಡಸರ ಧ್ವನಿ ಅದರಿ ಅಕ್ಕೋರ. ಹಿಂದ ನಿಂತು ಸುಮ್ಮ ಬಾಯಿ ಆಡಸ್ತೀನಿ,” ಎಂದಳು ಆಕೆ.

“ಸುಮ್ನೆ ಬಾಯಿ ಆಡಿಸ್ಲಿಕ್ಕೆ ಇಲ್ಲಿ ಯಾರೂ ಬರುದು ಬೇಡ,” ಎಂದ ಟೀಚರ್, ಅವಳನ್ನು ಹಾಡಿಸಿ ನೋಡಿ, ಜಿ ಮೈನರ್‌ನಲ್ಲಿದ್ದ ಹಾಡನ್ನು ಅವಳಿಗಾಗಿ ಇ ಮೈನರ್ ಎಂಬ ತಗ್ಗಿನ ಶ್ರುತಿಗೆ ಇಳಿಸಿಬಿಟ್ಟರು. ಸಿನಿಮಾ ಗಾಯಕಿಯರ ಹಾಗೆ ಮೇಲಕ್ಕೆ ಹತ್ತಿ ಮೆರೆಯುವ ಆಸೆಯಿದ್ದ ನಮಗೆ ಸಿಟ್ಟು ಬಂತು. ಹಾಡಿದಾಗ ಎದೆಯೊಳಗೇ ಗುಂಯ್‌ಗುಟ್ಟಿತು, ಸಿಟ್ಟು ಇಳಿಯಿತು.

ವಾರ್ಷಿಕೋತ್ಸವಕ್ಕೆ ಮುಂಚೆ ಹಾಡು ಕೇಳಲು ಬಂದ, ಉಡುಪಿ ಕಡೆಯ ಹೋಟೆಲ್ ಮಾಲೀಕರಾದ ಸಂಘದ ಕಾರ್ಯದರ್ಶಿ ಹೌಹಾರಿದರು.

“ಎಂಥ ಟೀಚರ್ ಇದು, ಸಾವಿನ ಮನೆಯ ಹಾಗೆ! ಸ್ವಲ್ಪ ಮೇಲೆ ತಕ್ಕೊಳ್ಳಿ, ಫಾಸ್ಟ್ ಮಾಡಿ ಮಾರಾಯ್ರೆ. ಪಬ್ಲಿಕ್ ಎದ್ದು ಹೋಗ್ತದೆ.”

“ಇದು ಅಳುವವರ ಹಾಡಲ್ಲ. ತಳ್ಳಿದ್ರೂ ಜಾಗ ಬಿಡದವರದ್ದು. ಅಂಥವರು ಓಡುದಿಲ್ಲ, ಕಿರುಚುದೂ ಇಲ್ಲ.”

ಹೇಳುವಾಗ ಟೀಚರ ದನಿ ಏರಲೇ ಇಲ್ಲ. ಕಾರ್ಯದರ್ಶಿ ಹೋದ ಮೇಲೆ ನಮ್ಮತ್ತ ತಿರುಗಿ, ಬೇರೆ ಥರ ಹಾಡುವುದಾದರೆ ತನ್ನನ್ನು ಬಿಟ್ಟು ಹಾಡಿ ಎಂದರು.

ವಾರ್ಷಿಕೋತ್ಸವದ ದಿನ ವೇದಿಕೆಯ ಮೇಲೆ ನೋಡುತ್ತೇವೆ, ಕಾರ್ಯದರ್ಶಿ ನಮಗೆ ಹೇಳದೆ ಕೇಳದೆ ಕೀಬೋರ್ಡಿನವನನ್ನು ತಂದು ಕೂರಿಸಿದ್ದಾರೆ! ಪರದೆ ಸರಿದ ಕೂಡಲೇ ಆತ ಮೇಲಿನ ಶ್ರುತಿಯಲ್ಲಿ, ಓಡುವ ಲಯದಲ್ಲಿ ಬಾರಿಸತೊಡಗಿದ. ಟೀಚರ್ ಕೈ ಎತ್ತಲಿಲ್ಲ. ನಾವು ಬಾಯಿ ತೆರೆಯಲಿಲ್ಲ. ಆತ ನಿಲ್ಲಿಸಿ ಮತ್ತೆ ಶುರು ಮಾಡಿದ... ನಾವು ಗೋಡೆಯ ಹಾಗೆ ನಿಂತೇ ಇದ್ದೆವು. ಹಾಲ್‌ನಲ್ಲಿ ಗುಸುಗುಸು, ಹಿಂದಿನಿಂದ ಒಂದು ಸೀಟಿ. ನನಗೆ ಒಳಗೊಳಗೇ ಎಂಥದೋ ಖುಷಿ. ಕೊನೆಗೆ ಆತನೇ ಬೇಸತ್ತು ಕೈ ತೆಗೆದ. ಆಗ ಟೀಚರ್ ತಗ್ಗಿದ ದನಿಯಲ್ಲಿ ಶ್ರುತಿ ಕೊಟ್ಟರು. ಕಲಬುರಗಿಯವಳು ಮೊದಲು ಹಿಡಿದಳು, ಅವಳ ದನಿಯ ಮೇಲೆ ನಾವೆಲ್ಲ ಕೂತೆವು. ಒಬ್ಬರೂ ಓಡಲಿಲ್ಲ. ಮುಂದಿನ ಸಾಲಿನ ಕೆಲವರು ಊಟಕ್ಕೆ ಎದ್ದು ಹೋದರು. ಹೋಗಲಿ, ನಮಗೇನು!

ಅಲ್ಲಿಂದ ಮುಂದೆ ಆ ಹಾಲ್ ನಮಗೆ ಸಿಗಲಿಲ್ಲ. ಕೆಲವು ವರ್ಷ ಟೀಚರ ಮನೆಯಲ್ಲಿ, ಜಾಗ ಸಾಲದಾಗ ತಾರಸಿಯಲ್ಲಿ ಹಾಡಿದೆವು. ಕೆಲಸ ಹುಡುಕಿಕೊಂಡು ಕಲಬುರಗಿಯವಳು ಪನ್ವೇಲ್ ಕಡೆ ಹೋದಳು. ಉಳಿದವರೂ ಒಬ್ಬೊಬ್ಬರಾಗಿ ಚದುರಿದರು. ಟೀಚರ್ ಹಾಸಿಗೆ ಹಿಡಿದ ಮೇಲೂ ನಾನು ಹೋದಾಗಲೆಲ್ಲ ಬೆರಳಿನಿಂದ ಮಂಚದ ಅಂಚಿಗೆ ಲಯ ಹಾಕುತ್ತಿದ್ದರು. ಆಮೇಲೆ ಅದೂ... ಅಂಥ ಹಠಮಾರಿಯನ್ನು ನಾನು ಮತ್ತೆ ಕಾಣಲಿಲ್ಲ. ಭಾನುವಾರ ಸಂಜೆಯಾದರೆ ಈಗಲೂ ಮೇಲಿನ ಮನೆಯತ್ತ ಕಿವಿ ಹೋಗುತ್ತದೆ.

ಕಳೆದ ತಿಂಗಳು ಸಂಘದ ಕಾರ್ಯಕ್ರಮದಲ್ಲಿ ಅದೇ ಹಾಡನ್ನು ಮೈಕಿನಲ್ಲಿ ಹಾಕಿದರು. ಶ್ರುತಿ ಏರಿಸಿ, ಡ್ರಮ್ ಸೇರಿಸಿ, ಓಡಿಸಿ ಯಾರೋ ರೆಕಾರ್ಡ್ ಮಾಡಿದ್ದರು. ಜನ ತೂಗಾಡುತ್ತ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಮೈ ಉರಿಯಿತು. ಕುರ್ಚಿಯಿಂದ ಎದ್ದು ನಿಂತು ಟೀಚರ ಶ್ರುತಿಯಲ್ಲಿ, ಟೀಚರ ಲಯದಲ್ಲಿ ಹಾಡತೊಡಗಿದೆ. ನಾಲ್ಕು ದನಿಗಳಲ್ಲಿ ಉಳಿದಿದ್ದದ್ದು ಒಂದೇ, ಅದೂ ಒಡಕು. ಮೈಕಿನ ಹಾಡು ಮುಗಿಯಿತು, ಚಪ್ಪಾಳೆಯೂ ಮುಗಿಯಿತು, ನಾನಿನ್ನೂ ಹಾಡಿನ ಮೊದಲ ಸಾಲಿನಲ್ಲೇ ಇದ್ದೆ. ಎಲ್ಲರೂ ತಿರುಗಿ ನೋಡಿದರು. ಸ್ವಯಂಸೇವಕಿಯೊಬ್ಬಳು ಬಂದು, ಕೂರಿ ಎನ್ನುವಂತೆ ತೋಳು ಮುಟ್ಟಿದಳು.

“ಆಂಟಿ, ಗಾನಾ ಹೋ ಗಯಾ. ಬೈಠ್ ಜಾಯಿಯೇ ನಾ.”

ಅವಳ ಕೈಯನ್ನು ಮೆಲ್ಲಗೆ ಸರಿಸಿ, ಹಾಡಿನ ಎರಡನೆಯ ಸಾಲು ಎತ್ತಿಕೊಂಡೆ.