ಹುಲ್ಲಿನ ಗಂಟು ಕಿತ್ತ ಸೆನ್ಯಾಂಗ್

ಸೆನ್ಯಾಂಗಳನ್ನು ನಾನು ಮೊದಲು ನೋಡಿದ ದಿನ ಅವಳು ಒದ್ದೆ ಹೊದಿಕೆಯೊಂದರ ಜೊತೆ ಜಗಳವಾಡುತ್ತಿದ್ದಳು. ನಮ್ಮ ಬೆಟ್ಟದೂರು ಸಗಾದಾದ ಕೆಳಗೇರಿಯಲ್ಲಿ ಅವಳ ವಸತಿಮನೆ. ನನ್ನ ಗಂಡ ತೀರಿಕೊಂಡ ವರ್ಷ ಕೆಲಸ ಕೇಳಲು ಹೋಗಿದ್ದೆ. ಅಂಗಳದ ತುಂಬ ಮಂಜು. ಹಗ್ಗದ ಮೇಲಿನ ಬಟ್ಟೆ ಒಣಗುವ ಬದಲು ಇನ್ನಷ್ಟು ನೆನೆಯುತ್ತಿತ್ತು.

“ಏನು ನೋಡ್ತಾ ನಿಂತಿದ್ದೀಯಾ? ಆ ತುದಿ ಹಿಡಿ, ಹಿಂಡು,” ಎಂದಳು. ಹಿಡಿದೆ, ಹಿಂಡಿದೆ.

“ಕೈ ಗಟ್ಟಿ ಇದೆ. ಬಾಯಿ ಹೇಗೆ?”

“ಬೇಕಾದಾಗ ಮುಚ್ಚುತ್ತೆ ಅಕ್ಕಾ.”

“ಹಾಗಾದ್ರೆ ನಾಳೆಯಿಂದ ಬಾ. ನಂದು ಮುಚ್ಚೋದೇ ಇಲ್ಲ.”

ಅವಳಿಗೆ ಮಕ್ಕಳಿರಲಿಲ್ಲ. ಗಣಿಗೆ ಹೋದ ಗಂಡ ಅಲ್ಲೇ ಬೇರೆ ಸಂಸಾರ ಹೂಡಿದ್ದ. ತಂಗಲು ಬಂದ ಪ್ರವಾಸಿಗರಿಗೆ ಕೆಂಪಕ್ಕಿ ಅನ್ನ, ಹೊಗೆಗೆ ಒಣಗಿಸಿದ ಹಂದಿಮಾಂಸದ ಸಾರು, ಹಿತ್ತಲಲ್ಲಿ ಬೆಳೆದ ಕಾಫಿ ಕೊಡುವಳು. ಮನಿಲಾದವರು ಕಿಟಕಿ ತೆರೆದು ಪೈನ್ ಮರ, ಬಿಳಿ ಬಂಡೆ ನೋಡಿ, “ಎಂಥ ಚೆಂದದ ಊರು, ಎಂಥ ಒಳ್ಳೆ ಜನ!” ಎನ್ನುವರು. ಮೊದಮೊದಲು ಸೆನ್ಯಾಂಗ್ ಹಿಗ್ಗುತ್ತಿದ್ದಳು. ಆಮೇಲಾಮೇಲೆ ಆ ಮಾತು ಬಂದರೆ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿಬಿಡುವಳು. ಯಾಕೆಂದು ನನಗೆ ಬಹಳ ದಿನ ತಿಳಿಯಲಿಲ್ಲ.

ನಾಟಿಗೆ ಮುಂಚೆ ನಮ್ಮಲ್ಲಿ ಒಂದೊಂದು ಕೇರಿಯ ಹಿರಿಯರೂ ಬೇರೆ ಬೇರೆ ದಿನ ನೇಮ ಹಿಡಿಯುತ್ತಾರೆ. ಆಗ ಯಾರೂ ಗದ್ದೆಗೆ ಇಳಿಯಬಾರದು, ಹೊರಗಿನವರು ಕೇರಿಯೊಳಗೆ ಕಾಲಿಡಬಾರದು. ದಾರಿಯ ಬಾಯಲ್ಲಿ ಗಂಟು ಹಾಕಿದ ಜೊಂಡುಹುಲ್ಲು ನೆಟ್ಟಿರುತ್ತಾರೆ. ಬಾಗಿಲೂ ಅದೇ, ಬೀಗವೂ ಅದೇ. ನಾನು ಮೇಲ್ಗೇರಿಯವಳು, ಆ ದಿನಗಳಲ್ಲಿ ನಾನೂ ಕೆಲಸಕ್ಕೆ ಹೋಗುತ್ತಿರಲಿಲ್ಲ.

ಒಂದು ವರ್ಷ ನೇಮದ ನಡುವೆ ಆ ಹುಲ್ಲು ಚರಂಡಿಯಲ್ಲಿ ಬಿದ್ದಿತ್ತು. ನೇಮ ಕೆಟ್ಟಿತು. ಎಲ್ಲರೂ ಬೆರಳು ತೋರಿಸಿದ್ದು ತೊಮಾಸ್ ಬುಲ್ವಾಯನ ನಾಯಿಯತ್ತ. ಆ ಮುದುಕನ ಮನೆ ದಾರಿಯ ಬಾಯಲ್ಲೇ. ಹಿಂದಿನ ವರ್ಷ ಅವನ ನಾಯಿ ಇಂಥದೇ ಹುಲ್ಲನ್ನು ಕಚ್ಚಿ ಎಳೆದಾಡಿತ್ತು.

“ನಾಯಿಗೆ ಭಯಭಕ್ತಿ ಇಲ್ಲ, ಸರಿ. ನಿಂಗಾದ್ರೂ ಬೇಡ್ವೇನಯ್ಯಾ?” ಎಂದರು ಹಿರಿಯರು.

“ಭಾನುವಾರ ಚರ್ಚಿಗೆ ಬರುತ್ತಪ್ಪಾ ಅದು. ನೇಮ ಒಂದು ಕಲಿಸೋದು ಬಾಕಿ,” ಎಂದ ತೊಮಾಸ್. ಯಾರೂ ನಗಲಿಲ್ಲ.

ನೇಮ ಮತ್ತೆ ಹಿಡಿಯಲು ಕೆಡಿಸಿದವನೇ ಹಂದಿ ಬಲಿ ಕೊಡಬೇಕು. ತನ್ನ ಸಾವಿನ ದಿನದ ಊಟಕ್ಕೆಂದು ಸಾಕಿದ್ದ ಹಂದಿಯನ್ನೇ ಅವನು ಹಿರಿಯರು ಸೇರುವ ಕಲ್ಲುಕಟ್ಟೆಗೆ ಹೊಡೆದುಕೊಂಡು ಹೋದ. “ನಾನು ಸತ್ರೆ ಬರೀ ಅನ್ನ ಹಾಕಿ,” ಎಂದನಂತೆ. ನಾಟಿ ತಡವಾಯಿತೆಂದು ಕೇರಿಯವರೆಲ್ಲ ಅವನಿಗೇ ಉಗಿದರು. ನಾಯಿಯನ್ನು ಬೆಟ್ಟದ ಕೆಳಗೆ ಬೊಂಟೊಕ್ ಊರಿನಲ್ಲಿದ್ದ ತಮ್ಮನ ಮನೆಯಲ್ಲಿ ಬಿಟ್ಟು ಬಂದ. ಅದು ಕುಂಟುತ್ತ ಬೆಟ್ಟ ಹತ್ತಿ ವಾಪಸು ಬಂತು. ಮತ್ತೆ ಒಯ್ದು ಕಟ್ಟಿಹಾಕಿ ಬಂದ.

ಅಲ್ಲಿಂದ ಸೆನ್ಯಾಂಗ್ ತೊಮಾಸನಿಗೆ ಸಾರು ಒಯ್ಯತೊಡಗಿದಳು, ಅವನ ಅಂಗಿಗೆ ಗುಂಡಿ ಹಾಕಿಕೊಡತೊಡಗಿದಳು. ನೋಡಿದವರು ಮುಸಿಮುಸಿ ನಕ್ಕರು. ಒಂದು ದಿನ ಬುಟ್ಟಿಯಲ್ಲಿ ಹಂದಿಮರಿ ಇಟ್ಟುಕೊಂಡು ಅವನ ಮನೆಗೆ ಹೊರಟಳು. ಬುಟ್ಟಿಯ ಇನ್ನೊಂದು ಬದಿ ಹಿಡಿದವಳು ನಾನು.

“ಇದ್ಯಾಕಮ್ಮ? ನನ್ನ ಮದ್ವೆ ಆಗೋ ಯೋಚನೆ ಏನಾದ್ರೂ ಇದೆಯಾ?”

“ನಿನ್ನ ಹಲ್ಲಿಲ್ಲದ ಬಾಯಿಗೆ ಯಾರು ಬರ್ತಾರೆ! ಸುಮ್ನೆ ಇಟ್ಕೊ.”

“ಸುಮ್ನೆ ಯಾರಾದ್ರೂ ಹಂದಿ ಕೊಡ್ತಾರಾ? ಕಾರಣ ಹೇಳು, ಇಟ್ಕೊಳ್ತೀನಿ.”

ಅವಳ ತುಟಿ ಅಲುಗಿತು. “ಮನೇಲಿ ಜಾಗ ಇಲ್ಲ,” ಎಂದಳು.

“ಮನಿಲಾದೋರಿಗೆಲ್ಲ ಜಾಗ ಇದೆ, ಇದಕ್ಕಿಲ್ವಾ?” ಎಂದು ನಗುತ್ತ ಬುಟ್ಟಿಯನ್ನು ನಮ್ಮ ಕೈಗೇ ಕೊಟ್ಟ.

ವಾಪಸು ಬರುವಾಗ ಅವಳು ಬುಟ್ಟಿ ಇಳಿಸಿ ದಾರಿಯಲ್ಲೇ ಕುಳಿತಳು. ಆಗ ಹೇಳಿದಳು. ನೇಮ ಕೆಟ್ಟ ಆ ವರ್ಷ ರಸ್ತೆ ಕುಸಿದು ತಿಂಗಳುಗಟ್ಟಲೆ ಅವಳ ಮನೆಗೆ ಯಾರೂ ಬಂದಿರಲಿಲ್ಲ. ಬಸ್ಸು ಮತ್ತೆ ಓಡತೊಡಗಿದ ಮೇಲೆ, ನೇಮದ ಒಂದು ಸಂಜೆ, ಮನಿಲಾದ ಗಂಡಹೆಂಡತಿ ಗಂಟಿನಾಚೆ ನಿಂತಿದ್ದರು. ಬಸ್ಸಿನಲ್ಲಿ ವಾಂತಿ ಮಾಡಿಕೊಂಡಿದ್ದ ಆ ಹೆಂಗಸು ಚಳಿಗೆ ನಡುಗುತ್ತಿದ್ದಳು.

“ಮೇಲ್ಗೇರಿಯ ವಸತಿಮನೆಗೆ ಕಳಿಸಬಹುದಿತ್ತು ಕಣೇ. ಒಂದ್ಸಲ ಅಲ್ಲಿ ಇಳಿದೋರು ಮತ್ತೆ ನನ್ನ ಹತ್ರ ಬರ್ತಾರಾ ಅನ್ನಿಸ್ತು. ಹುಲ್ಲು ಕಿತ್ತು ಚರಂಡಿ ಪಕ್ಕಕ್ಕಿಟ್ಟೆ. ಬೆಳಗಾಗೋಕೆ ಮುಂಚೆ ನೆಟ್ರಾಯ್ತು ಅಂದ್ಕೊಂಡೆ, ನಿದ್ದೆ ಹತ್ತಿಬಿಡ್ತು. ಅವರನ್ನ ಹಿತ್ತಲಿಂದ ಕಳಿಸಿದೆ. ಹೋಗೋವಾಗ ಅವಳು ನನ್ನ ಕೈ ಹಿಡ್ಕೊಂಡು, ಎಂಥ ಒಳ್ಳೆ ಜನ ನೀವು, ಅಂದ್ಲು.”

“ತೊಮಾಸಜ್ಜನಿಗೆ ಹೇಳಿಬಿಡು ಅಕ್ಕಾ.”

“ಹೇಳ್ತೀನಿ. ನಾಳೆ ಹೇಳ್ತೀನಿ.”

ಹೇಳಿಯೇ ಬರುತ್ತೇನೆಂದು ಸಾರು ಹಿಡಿದು ಹೋಗುವಳು. ಮಳೆ, ಮೂಲಂಗಿ, ಮಂಡಿನೋವು ಎಲ್ಲ ಮಾತಾಡಿ ಖಾಲಿ ಪಾತ್ರೆ ತರುವಳು. ನಾಯಿ ಬೊಂಟೊಕಿನಲ್ಲೇ ಸತ್ತಿತು. ಆ ಸುದ್ದಿ ಬಂದ ದಿನ ಅವಳು ಒಲೆ ಹಚ್ಚಲಿಲ್ಲ.

ಕೊನೆಗೆ ಹೊಟ್ಟೆಯಲ್ಲಿ ಗಡ್ಡೆಯಾಗಿ ಅವಳೇ ಹಾಸಿಗೆ ಹಿಡಿದಳು. ತೊಮಾಸ್ ಕೋಲೂರಿಕೊಂಡು ಕಿತ್ತಳೆ ತರುವನು, ಸುಲಿದು ಎಸಳು ಬಾಯಿಗಿಡುವನು. “ಬೇಗ ಏಳೇ, ನಿನ್ನ ಸಾರಿಲ್ದೆ ಸೊರಗಿಹೋದೆ,” ಎಂದು ರೇಗಿಸುವನು. ಅವನು ಹೋದಮೇಲೆ ಅವಳು ಎಸಳನ್ನು ನನ್ನ ಅಂಗೈಗೆ ಉಗಿಯುವಳು. “ಇಳಿಯಲ್ಲ ಕಣೇ ಇದು.”

ಒಂದು ಮಧ್ಯಾಹ್ನ ನನ್ನನ್ನು ಅಟ್ಟಿದಳು: ಈಗಲೇ ತೊಮಾಸನನ್ನು ಕರೆದು ತಾ, ಕಲ್ಲುಕಟ್ಟೆಯ ಹಿರಿಯರಲ್ಲೂ ಒಬ್ಬರು ಬರಲಿ. ಕರೆದು ಬಂದೆ. ಮೆಟ್ಟಿಲ ಮೇಲೆ ಕೋಲಿನ ಸದ್ದು ಕೇಳುತ್ತಲೇ ಅವಳು ನನ್ನ ತೋಳು ಹಿಡಿದು ಹತ್ತಿರಕ್ಕೆಳೆದಳು. ಅವಳು ನನ್ನನ್ನು ಕಡೆಯದಾಗಿ ಕೇಳಿದ್ದು ಇದನ್ನೇ:

“ನೀನು ಬಾಗಿಲಲ್ಲೇ ನಿಂತಿರು. ನಾನು ಮತ್ತೆ ಬೇರೆ ಏನಾದ್ರೂ ಮಾತು ತೆಗೆದ್ರೆ, ಜೋರಾಗಿ ಕೆಮ್ತೀಯಾ?”