ಹತ್ತದೇ ಅಳೆದ ರಾಶಿ

೨೦೧೧ರಲ್ಲಿ ನಾನು ದಾಸ್ತಾನು ಅಳೆಯುವ ಸರ್ವೇಯರ್. ಚಿಕ್ಕೋಡಿಯಲ್ಲಿ ಬಾಡಿಗೆ ಕೋಣೆ. ರಾಯಬಾಗದಿಂದ ಕಾಗವಾಡದವರೆಗೆ ಸಕ್ಕರೆ ಕಾರ್ಖಾನೆಗಳ ತಿರುಗಾಟ. ಎತ್ತಿ ತೂಗಲಾಗದ ದೊಡ್ಡ ರಾಶಿಗಳ ಗಾತ್ರ ಅಳೆದು, ಅದರಿಂದ ತೂಕ ಹೇಳುವುದು ನನ್ನ ಕಸುಬು. ಕಣ್ಣಳತೆಯಲ್ಲಿ ಹೇಳುವವರನ್ನು ಕಂಡರೆ ನಗು ಬರುತ್ತಿತ್ತು. ನನ್ನ ಬಳಿ ದೂರದಿಂದಲೇ ಲೇಸರ್ ಬಿಟ್ಟು ಅಳೆಯುವ ಟೋಟಲ್ ಸ್ಟೇಷನ್ ಯಂತ್ರವಿತ್ತು, ಜಂಬವೂ ಇತ್ತು.

ಕಬ್ಬಿನ ಹಂಗಾಮು ಮುಗಿಯಲು ವಾರವಿದ್ದಾಗ ರಾಯಬಾಗ ಕಡೆಯ ಕಾರ್ಖಾನೆಯೊಂದರ ಬಗ್ಯಾಸ್ ಅಳೆಯಲು ಹೋದೆ. ಬಗ್ಯಾಸ್ ಎಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆ, ಬಾಯ್ಲರಿನ ಉರುವಲು. ಯಂತ್ರ ಹನ್ನೆರಡು ಸಾವಿರ ಘನ ಮೀಟರ್ ಎಂದಿತು. ಕನ್ವೇಯರ್‌ನಿಂದ ಬೀಳುತ್ತಿದ್ದ ಸಿಪ್ಪೆಯನ್ನು ಒಂದು ಘನ ಮೀಟರಿನ ಪೆಟ್ಟಿಗೆಗೆ ತುಂಬಿ ತೂಗಿದೆ: ೧೨೦ ಕಿಲೋ. ಗುಣಿಸಿದರೆ ೧,೪೪೦ ಟನ್. ದಾಸ್ತಾನು ಪುಸ್ತಕದಲ್ಲಿ ಇದ್ದದ್ದು ೨,೧೫೦.

ಆಳುಗಳಿಂದ ರಾಶಿ ಒಟ್ಟಿಸಿ ಕಾಯುವ ಯಾರ್ಡಿನ ಮುಕಾದಮರು ಕಬ್ಬೂರಿನ ಭರಮಪ್ಪ. ಇಪ್ಪತ್ತಾರು ವರ್ಷದ ನೌಕರಿ, ನಿವೃತ್ತಿಗೆ ಎರಡೇ ತಿಂಗಳು. ಮ್ಯಾನೇಜರ್ ನನ್ನ ಹಾಳೆ ನೋಡಿ ಅವರನ್ನು ಕರೆಸಿದರು.

"ಗೇಟಿನ ಕೀಲಿ ಇಟ್ಟು ಹೋಗ್ರಿ. ನಾಳಿಂದ ಬರಬ್ಯಾಡ್ರಿ."

ಕಳ್ಳ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಭರಮಪ್ಪ ಕೀಲಿಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

"ಸಾಹೇಬ್ರ, ರಾಶಿ ಮ್ಯಾಲ ಹತ್ತಿದ್ರೇನ್ರಿ?"

ಹತ್ತಿರಲಿಲ್ಲ. ಬಾಯ್ಲರ್ ಮನೆಯ ಮಾಳಿಗೆಯಿಂದ ಲೇಸರ್ ಬಿಟ್ಟು ಅಳೆದಿದ್ದೆ.

"ಒಮ್ಮೆ ಬರ್ರಿ. ಆಮ್ಯಾಲ ನಾ ಮನೀಗಿ ಹೋಗ್ತೀನಿ."

ಮೊಣಕಾಲವರೆಗೆ ಹೂತುಹೋಗುತ್ತೇನೆಂದು ಪ್ಯಾಂಟು ಮಡಚಿಕೊಂಡು ಹತ್ತಿದೆ. ಹಿಮ್ಮಡಿಯೂ ಇಳಿಯಲಿಲ್ಲ.

"ಮನ್ಯಾಗ ಮೇವಿನ ಬಣವಿ ಒಟ್ಟುವಾಗ ಥರಾ ಥರಾ ತುಳೀತೇವಲ್ರಿ, ಹಂಗ ಡೋಜರ್ ಹೊಡಿಸಿ ತುಳಿಸೇನ್ರಿ. ಮಳಿ ನೀರು ಒಳಗ ಇಳೀಬಾರದಲ್ರಿ. ಡೋಜರ್ ಹತ್ತದ ಅಂಚಿನ್ಯಾಗ ಮಂದೀನ್ನ ಹಚ್ಚಿ ತುಳಿಸೇನಿ," ಎಂದರು ಭರಮಪ್ಪ.

ಅಯ್ಯೋ ನನ್ನ ಬುದ್ಧಿಯೇ! ಸಡಿಲ ಸಿಪ್ಪೆಯ ತೂಕ ಹಿಡಿದು, ತುಳಿದು ಗಟ್ಟಿ ಮಾಡಿದ ರಾಶಿಯ ಲೆಕ್ಕ ಹೇಳಿದ್ದೆ. ರಾಶಿಯ ಮೂರು ಕಡೆ ಮೀಟರ್ ಉದ್ದ, ಮೀಟರ್ ಅಗಲ, ಮೀಟರ್ ಆಳದ ಗುಂಡಿ ತೋಡಿಸಿ, ಹೊರಬಂದ ಸಿಪ್ಪೆಯನ್ನೆಲ್ಲ ತೂಗಿಸಿದೆ. ಸರಾಸರಿ ೧೭೮ ಕಿಲೋ. ಒಟ್ಟು ೨,೧೩೬ ಟನ್. ಉಳಿದ ಹದಿನಾಲ್ಕು ಟನ್ ಒಣಗಿದ್ದಕ್ಕೂ ಗಾಳಿಗೆ ಹಾರಿದ್ದಕ್ಕೂ ಸರಿಹೋಗುತ್ತದೆ.

ಮ್ಯಾನೇಜರ್ ಎದುರು ಮೊದಲ ಹಾಳೆ ಹರಿದು, ತಪ್ಪು ನನ್ನದು ಎಂದೆ. ಅವರು ಎದ್ದು ನಿಂತು ಕೀಲಿಯನ್ನು ಭರಮಪ್ಪನವರ ಕೈಗಿಟ್ಟರು. ನಾನು ಭರಮಪ್ಪನವರ ಕ್ಷಮೆ ಕೇಳಿದೆ. ಅವರಿಗೆ ನನ್ನ ಮೇಲೆ ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

"ಇರ್ಲಿ ಬಿಡ್ರಿ," ಎಂದು ಅವರು ಕುರ್ಚಿ ಎಳೆದು ಕೊಟ್ಟರು. "ನಿಮ್ಮ ಬೂಟಿನಾಗ ಸಿಪ್ಪಿ ಹೋಗೈತಿ. ಕುಂತು ಝಾಡಿಸ್ಕೊಳ್ರಿ, ಚುಚ್ಚತೈತಿ."

ಆಮೇಲೆ ನಿವೃತ್ತನಾಗುವವರೆಗೂ, ಯಾವ ರಾಶಿಗೆ ಹೋದರೂ ಯಂತ್ರ ಹೊರತೆಗೆಯುವ ಮುಂಚೆ ಅದನ್ನು ಒಟ್ಟಿದವರು ಯಾರೆಂದು ಕೇಳುತ್ತಿದ್ದೆ. ಅವರನ್ನು ಮುಂದೆ ಬಿಟ್ಟುಕೊಂಡೇ ಹತ್ತುತ್ತಿದ್ದೆ.