ಮುಳುಗಿದ ಹಡಗಿನ ಮಾಸ್ತಪ್ಪ

ಮುರ್ಡೇಶ್ವರದಲ್ಲಿ ಪ್ರವಾಸಿಗರನ್ನು ಸಮುದ್ರದ ತಳಕ್ಕೆ ಕರೆದೊಯ್ಯುವ ಮಾಸ್ತಪ್ಪನಿಗೆ, ಅಲ್ಲಿ ಮುಳುಗಿರುವ ಬ್ರಿಟಿಷರ ಕಾಲದ ಹಡಗು ಅಪ್ಪ ಬಿಟ್ಟುಹೋದ ಆಸ್ತಿ ಇದ್ದ ಹಾಗೆ. "ಬಲಗಡೆ ಅಡುಗೆಮನೆ, ಕಾಲು ತೊಳೆದು ಬನ್ನಿ" ಎನ್ನುತ್ತಾನೆ. ಅವನ ಬಾಯಲ್ಲಿ ಆ ಹಡಗು ವರ್ಷವರ್ಷವೂ ಉದ್ದವಾಗುತ್ತದೆ. ಕೆಳಗೆ ತುಂಬ ಚಳಿಯೇ ಎಂದು ಕೇಳಿದರೆ, "ಅಲ್ಲಿಯ ನೀರಿಗೆ ಬಿಸಿಲು ಅಂದ್ರೆ ಎಂತ ಅಂತ್ಲೇ ಗೊತ್ತಿಲ್ಲ ಮಾರಾಯ್ರೆ. ನನ್ನ ಮೀಸೆ ಸೆಟೆದು ಮುರೀತಿತ್ತು, ಅದ್ಕೇ ಬೋಳ್ಸಿದ್ದು" ಎನ್ನುತ್ತಾನೆ. ದೆವ್ವ ಉಂಟಾ ಎಂದು ಕೇಳದೆ ಯಾರೂ ದೋಣಿ ಹತ್ತುವುದಿಲ್ಲ. ಅದಕ್ಕೂ ಉತ್ತರ ತಯಾರಿರುತ್ತದೆ: "ಸತ್ತವ್ರೆಲ್ಲ ಒಳಗೆ ಕೂತು ಇಸ್ಪೀಟು ಆಡ್ತ್ರು. ನನ್ನ ಕಂಡ್ರೆ ಬಾ ಅಂತ್ರು." ಎಲ್ಲರೂ ನಗುತ್ತಾರೆ. ಮೊನ್ನೆಯೂ ನಕ್ಕರು. ಪಕ್ಕದಲ್ಲಿ ಮೀನು ಒಣಗಿಸುತ್ತಿದ್ದ ದುರ್ಗಿ ಮಾತ್ರ ಎದ್ದು ಬಂದಳು. ಅವಳ ಗಂಡ ಹೋದ ವರ್ಷ ಬಲೆ ಬಿಡಲು ಹೋದವನು ತಿರುಗಿ ಬರಲಿಲ್ಲ. ನೀರಿಗಿಳಿದು ಹುಡುಕಿ ಬರಿಗೈಯಲ್ಲಿ ಬಂದವನು ಇದೇ ಮಾಸ್ತಪ್ಪ. ಹೆಣ ಸಿಗದೆ ಮನೆಯವರು ದರ್ಭೆಯ ಬೊಂಬೆ ಮಾಡಿ ಸುಟ್ಟಿದ್ದರು. "ತಮಾ, ಆ ಆಟದಲ್ಲಿ ನಮ್ಮನೆಯವ್ರೂ ಇದ್ರಾ?" ಎಂದು ಮೆಲ್ಲಗೆ ಕೇಳಿದಳು. ಚುಚ್ಚಲು ಕೇಳಿದ್ದಲ್ಲ, ತಿಳಿಯಬೇಕೆಂದೇ ಕೇಳಿದ್ದು. "ಇಲ್ಲ ಅಕ್ಕಾ. ಅಲ್ಲಿ ಯಾರೂ ಇಲ್ಲ. ನಾ ಸುಳ್ಳು ಹೇಳೂದು" ಎಂದ ಮಾಸ್ತಪ್ಪ. ಪ್ರವಾಸಿಗರು ಅದಕ್ಕೂ ನಕ್ಕರು. "ಆತು. ಮುಂದೆ ಎಲ್ಲಾದ್ರೂ ಕಂಡ್ರೆ ಹೇಳು" ಎಂದಳು ದುರ್ಗಿ. ನೀರಿಗಿಳಿಯುವಾಗ ಹಾಕುವ ಕನ್ನಡಕವನ್ನು ಅವನು ಅವತ್ತು ದಡದಲ್ಲೇ ಮುಖಕ್ಕೆ ಬಿಗಿದುಕೊಂಡ.